ಬೆಲ್ ಎಲೆನ್‌ಗೆ ಎಂಥ ಪೇರ್ ಹಣ್ಣು?

ಪ್ರಶ್ನೆ: ಮಗಳನ್ನು ನೋಡಲು ಫ್ರಾನ್ಸಿಗೆ ಹೋಗಿದ್ದಾಗ ಅಲ್ಲಿನ ಊಟದ ಮನೆಯೊಂದರಲ್ಲಿ ‘ಪ್ವಾರ್ ಬೆಲ್ ಎಲೆನ್’ ಎಂಬ ಸಿಹಿ ತಿಂದೆ. ತಳದಲ್ಲಿ ವೆನಿಲ್ಲಾ ಐಸ್‌ಕ್ರೀಮ್, ಅದರ ಮೇಲೆ ಬೇಯಿಸಿದ ಇಡೀ ಪೇರ್ ಹಣ್ಣು, ಸುರಿದುಕೊಳ್ಳಲು ಬಿಸಿ ಚಾಕೊಲೇಟ್. ಶಿವಮೊಗ್ಗಕ್ಕೆ ಮರಳಿದ ಮೇಲೆ ಮೂರು ಸಲ ಮಾಡಿದೆ. ಮೊದಲ ಸಲ ಹಣ್ಣು ಮರಳು ಮರಳಾಗಿ, ಗಟ್ಟಿಯಾಗಿಯೇ ಉಳಿಯಿತು. ಎರಡನೆಯ ಸಲ ಕರಗಿ ಗಂಜಿಯಾಯಿತು. ಮೂರನೆಯ ಸಲ ಹಣ್ಣು ಪರವಾಗಿಲ್ಲ ಎನ್ನುವಷ್ಟರಲ್ಲಿ ಚಾಕೊಲೇಟ್ ಮುದ್ದೆಗಟ್ಟಿತು. ಇದಕ್ಕೆ ವೈನ್ ಹಾಕಲೇಬೇಕೆ? ನಾವು ಮೊಟ್ಟೆ ತಿನ್ನುವುದಿಲ್ಲ. ಅಲ್ಲಿ ಬರಿದೆ ತಿಂದ ಪೇರ್ ಹಣ್ಣಿಗಿದ್ದ ರುಚಿ ಇಲ್ಲಿಯದಕ್ಕೆ ಏಕೆ ಬರುವುದಿಲ್ಲ?

ಉತ್ತರ: ನಿಮ್ಮ ಕಾಗದ ಓದಿ ನಗು ಬಂತು, ಕ್ಷಮಿಸಿ. ಕೆಲಸ ಕಲಿಯುವಾಗ ನಾನು ಕೆಡಿಸಿದ್ದೂ ಇದೇ ಮೂರು, ಹೆಚ್ಚುಕಡಿಮೆ ಇದೇ ಅನುಕ್ರಮದಲ್ಲಿ.

ವೈನ್ ವಿಚಾರವನ್ನು ಮೊದಲೇ ಮುಗಿಸಿಬಿಡುತ್ತೇನೆ. ಬೇಡ. ಕೆಂಪು ವೈನಿನಲ್ಲಿ ಚಕ್ಕೆ, ಲವಂಗ ಹಾಕಿ ಬೇಯಿಸುವ ಪೇರ್ ಬೇರೆಯೇ ಒಂದು ಸಿಹಿ. ಬೆಲ್ ಎಲೆನ್‌ಗೆ ಬೇಕಾದದ್ದು ವೆನಿಲ್ಲಾ ಹಾಕಿದ ತೆಳು ಸಕ್ಕರೆ ಪಾಕ ಮಾತ್ರ. ಚಕ್ಕೆ, ಏಲಕ್ಕಿ, ಶುಂಠಿ ಯಾವುದೂ ಬೇಡ. ಕೈ ತಡೆಯದೆ ಎರಡು ಏಲಕ್ಕಿ ಜಜ್ಜಿ ಹಾಕಿದರೆ ಪಾಕವೇನೋ ಘಮಘಮಿಸುತ್ತದೆ, ಆದರೆ ಪೇರ್ ಹಣ್ಣಿನ ಸಣ್ಣ ಪರಿಮಳ ಅದರಡಿ ಮುಚ್ಚಿಹೋಗುತ್ತದೆ.

ಹೆಸರಿನ ಕಥೆ ಹೀಗಿದೆ. 1864ರ ಡಿಸೆಂಬರ್ 17ರಂದು ಪ್ಯಾರಿಸಿನ ವಾರಿಯೇತೆ ರಂಗಮಂದಿರದಲ್ಲಿ ಝಾಕ್ ಆಫೆನ್‌ಬಾಖ್‌ನ ‘ಲಾ ಬೆಲ್ ಎಲೆನ್’ ಎಂಬ ಹಾಸ್ಯ ಸಂಗೀತ ನಾಟಕ ಮೊದಲ ಪ್ರದರ್ಶನ ಕಂಡಿತು. ಟ್ರಾಯ್ ಯುದ್ಧಕ್ಕೆ ಕಾರಣಳಾದ ಸುಂದರಿ ಹೆಲೆನಳನ್ನು ಲೇವಡಿಯ ಧಾಟಿಯಲ್ಲಿ ತಂದ ಆಟ ಅದು. ಹೆಲೆನಳಾಗಿ ಹಾಡಿದವಳು ಓರ್ತಾನ್ಸ್ ಶ್ನೈಡರ್. ಪ್ಯಾರಿಸ್ ಹುಚ್ಚೆದ್ದಿತು. ಗೆದ್ದ ನಾಟಕದ ಹೆಸರನ್ನು ಅಡುಗೆಗೆ ಇಡುವುದು ಆ ಕಾಲದ ಚಾಳಿ. ಮಾಂಸದ ಅಡುಗೆಗಳಿಗೂ ‘ಬೆಲ್ ಎಲೆನ್’ ಎಂಬ ಹೆಸರು ಬಿತ್ತು. ನೆನಪಿನಲ್ಲಿ ಉಳಿದದ್ದು ಪೇರ್ ಹಣ್ಣಿನದು.

ಇದನ್ನು ಕಂಡುಹಿಡಿದವನು ಫ್ರಾನ್ಸಿನ ಹೆಸರಾಂತ ಬಾಣಸಿಗ ಓಗುಸ್ತ್ ಎಸ್ಕೊಫಿಯೆ ಎಂದು ಎಲ್ಲೆಲ್ಲೂ ಬರೆಯುತ್ತಾರೆ. ಅವನು ಹುಟ್ಟಿದ್ದು 1846ರಲ್ಲಿ. ನಾಟಕ ರಂಗಕ್ಕೆ ಬಂದಾಗ ಅವನಿಗೆ 18 ವರ್ಷ, ಪ್ಯಾರಿಸಿಗೆ ಇನ್ನೂ ಕಾಲಿಟ್ಟಿರಲಿಲ್ಲ. ಹಾಗಾಗಿ ಆ ವರ್ಷವೇ ಅವನು ಇದನ್ನು ಮಾಡಿದ ಎಂಬುದನ್ನು ನಾನು ನಂಬುವುದಿಲ್ಲ. 1903ರಲ್ಲಿ ಬಂದ ಅವನ ದೊಡ್ಡ ಪಾಕಗ್ರಂಥದಲ್ಲಿ ಇದು ಇದೆ ಎಂಬುದಂತೂ ನಿಜ. ಅಲ್ಲಿ ಹೇಳಿರುವುದು ಎರಡು ಮೂರು ಸಾಲು: ಪೇರನ್ನು ವೆನಿಲ್ಲಾ ಪಾಕದಲ್ಲಿ ಬೇಯಿಸಿ ತಣಿಸಬೇಕು, ವೆನಿಲ್ಲಾ ಐಸ್‌ಕ್ರೀಮ್ ಮೇಲೆ ಇಡಬೇಕು, ಸಕ್ಕರೆ ಕಟ್ಟಿಸಿದ ವಯೊಲೆಟ್ ಹೂಗಳನ್ನು ಉದುರಿಸಬೇಕು, ಬಿಸಿ ಚಾಕೊಲೇಟ್ ಸಾಸನ್ನು ಬೇರೆ ಪಾತ್ರೆಯಲ್ಲಿ ಕೊಡಬೇಕು. ಬೇರೆ ಪಾತ್ರೆಯಲ್ಲಿ ಎಂಬುದನ್ನು ಗಟ್ಟಿಯಾಗಿ ಹಿಡಿದುಕೊಳ್ಳಿ, ಅದಕ್ಕೆ ಆಮೇಲೆ ಬರುತ್ತೇನೆ. ಕೆನೆಯ ಗೋಪುರ, ಹುರಿದ ಬಾದಾಮಿ ಚೂರು ಎಲ್ಲ ನಂತರ ಸೇರಿದ ಅಲಂಕಾರ. ಬಾದಾಮಿಗೆ ನನ್ನ ತಕರಾರಿಲ್ಲ. ಕೆನೆ ಬೇಡ, ಐಸ್‌ಕ್ರೀಮಿನಲ್ಲಿ ಇರುವುದೂ ಅದೇ ತಾನೆ.

ಈಗ ನಿಮ್ಮ ಸೋಲುಗಳು. ಮೊದಲ ಎರಡೂ ಅಂಗಡಿಯಲ್ಲೇ ಆಗಿಹೋಗಿದ್ದವು, ಒಲೆ ಹಚ್ಚುವ ಮುಂಚೆಯೇ.

ಮರಳು ಮರಳಾಗಿ ಉಳಿದದ್ದು ಬಹುಶಃ ದುಂಡಗಿನ ಗಟ್ಟಿ ನಾಶಪಾತಿ. ನಮ್ಮಲ್ಲಿ ಪೇರ್ ಎಂಬ ಒಂದೇ ಹೆಸರಿನಡಿ ಎರಡು ಬೇರೆ ಬೇರೆ ಜಾತಿಯ ಹಣ್ಣು ಮಾರುತ್ತಾರೆ. ಮರಸೇಬು, ಬೇರಿಕಾಯಿ, ನಾಶಪಾತಿ ಎಂದೆಲ್ಲ ಕರೆಯುವುದು ಹೆಚ್ಚಾಗಿ ಏಷ್ಯಾ ಮೂಲದ್ದು; ಪಂಜಾಬಿನಲ್ಲಿ ಅದಕ್ಕೆ ‘ಪತ್ಥರ್‌ನಾಖ್’ ಎಂದೇ ಹೆಸರು, ಕಲ್ಲಿನಂಥ ಪೇರ್. ಅದು ಎಷ್ಟು ದಿನ ಇಟ್ಟರೂ ಬೆಣ್ಣೆಯಾಗುವುದಿಲ್ಲ, ಆಗಬೇಕಾದದ್ದೂ ಇಲ್ಲ. ತಣ್ಣಗೆ ಮಾಡಿ ಹೋಳು ಹೆಚ್ಚಿ ಉಪ್ಪು ಖಾರ ಸವರಿ ಕಚ್ಚಿದರೆ ನೀರೂರುವ ಹಣ್ಣು ಅದು. ಅದರಲ್ಲಿ ಹಲ್ಲಿಗೆ ಸಿಗುವ ಮರಳಿಗೆ ಸಸ್ಯಶಾಸ್ತ್ರದವರು ಕಲ್ಲುಕೋಶ ಎನ್ನುತ್ತಾರೆ. ತೆಂಗಿನ ಚಿಪ್ಪನ್ನು ಗಟ್ಟಿ ಮಾಡುವುದೂ ಇದೇ ಬಗೆಯ ಕೋಶ. ಒಂದು ಗಂಟೆ ಬೇಯಿಸಿದರೂ ಅದು ಕರಗದು. ಯುರೋಪಿನ ಪೇರ್ ಹಣ್ಣಿನಲ್ಲಿಯೂ ಕಲ್ಲುಕೋಶ ಇದೆ, ಆದರೆ ಕಡಿಮೆ, ಅದೂ ಹೆಚ್ಚಾಗಿ ಬೀಜಗೂಡಿನ ಸುತ್ತ.

ಇನ್ನೂ ಒಂದು ಗೋಜಲು ಇದೆ. ಉತ್ತರ ಕರ್ನಾಟಕದ ಅಂಗಡಿಯಲ್ಲಿ ‘ಪೇರಲ’ ಕೇಳಿದರೆ ಸೀಬೆಹಣ್ಣು ಕೊಡುತ್ತಾರೆ, ಮಹಾರಾಷ್ಟ್ರದಲ್ಲಿ ‘ಪೇರೂ’ ಎಂದರೂ ಅದೇ. ಪೋರ್ಚುಗೀಸರಿಗೆ ‘ಪೇರಾ’ ಎಂದರೆ ನಾವು ಈಗ ಮಾತಾಡುತ್ತಿರುವ ಪೇರ್. ಫೋನಿನಲ್ಲಿ ಹಣ್ಣು ತರಿಸುವವರು ಎಚ್ಚರ.

ನಿಮಗೆ ಬೇಕಾದದ್ದು ಕುತ್ತಿಗೆ ಉದ್ದವಾಗಿ ಬುಡ ಅಗಲವಾಗಿರುವ, ಇಟ್ಟರೆ ಮೆತ್ತಗಾಗುವ ಯುರೋಪಿನ ಜಾತಿ. ಫ್ರಾನ್ಸಿನಲ್ಲಿ ಬೇಸಿಗೆಯ ಕೊನೆಗೆ ವಿಲಿಯಮ್ಸ್ ಬರುತ್ತದೆ. ಅದು ಮೂಲತಃ ಇಂಗ್ಲೆಂಡಿನದು, ಅಮೆರಿಕದಲ್ಲಿ ಬಾರ್ಟ್‌ಲೆಟ್ ಎನ್ನುತ್ತಾರೆ. ಪರಿಮಳದಲ್ಲಿ ಅದಕ್ಕೆ ಎಣೆಯಿಲ್ಲ, ಆದರೆ ಕ್ಷಣ ಮೈಮರೆತರೆ ಪಾಕದಲ್ಲಿ ಕರಗುತ್ತದೆ. ಚಳಿಗಾಲಕ್ಕೆ ಕಾಮಿಸ್, 1849ರಲ್ಲಿ ಆಂಝೆ ಪಟ್ಟಣದಲ್ಲಿ ಮೊದಲು ಫಲ ಬಿಟ್ಟ ತಳಿ ಅದು. ಕಾಮಿಸ್ ಬೇಯಿಸುವುದು ನನಗೆ ಪಾಪದಂತೆ ಕಾಣುತ್ತದೆ, ಅದನ್ನು ಬರಿದೆ ಚಮಚದಲ್ಲಿ ತಿನ್ನಬೇಕು. ಬೇಯಿಸಲು ನನ್ನ ಆಯ್ಕೆ ಕಾನ್ಫರೆನ್ಸ್. ಕಂದು ಸಿಪ್ಪೆಯ ಈ ಉದ್ದ ಹಣ್ಣಿಗೆ ಆ ಹೆಸರು ಬಂದದ್ದು 1885ರಲ್ಲಿ ಇಂಗ್ಲೆಂಡಿನಲ್ಲಿ ನಡೆದ ಪೇರ್ ಬೆಳೆಗಾರರ ಸಮ್ಮೇಳನದಿಂದ. ಬೆಂದರೂ ಸೊಂಟ ಬಾಗದು.

ನಮ್ಮ ಪೇಟೆಗೆ ಬಂದರೆ, ಆಮದು ಹಣ್ಣಿನ ಅಂಗಡಿಯಲ್ಲಿ ಸಿಗುವ ಉಬ್ಬುತಗ್ಗಿನ ಹಸಿರು ಪ್ಯಾಕಮ್ ಈ ಕೆಲಸಕ್ಕೆ ಚೆನ್ನಾಗಿದೆ. ಅದು ಆಸ್ಟ್ರೇಲಿಯಾದಲ್ಲಿ ಹುಟ್ಟಿದ ತಳಿ. ಕಾನ್ಫರೆನ್ಸ್ ಕಂಡರೆ ಯೋಚಿಸದೆ ಕೊಳ್ಳಿ. ಆಗಸ್ಟ್ ಹೊತ್ತಿಗೆ ಕಾಶ್ಮೀರ, ಹಿಮಾಚಲದಿಂದ ಬರುವ ಬಬ್ಬುಗೋಶಾ ಕೂಡ ಮೆತ್ತಗಾಗುವ ಜಾತಿಯೇ. ಗಾತ್ರದಲ್ಲಿ ಚಿಕ್ಕದು, ಒಬ್ಬರಿಗೆ ಎರಡು ಇಟ್ಟರಾಯಿತು. ಬಿಳಿ ಹಳದಿ ಬಣ್ಣದ ಚೀನಾ ಪೇರ್ ನೋಡಲು ಎಷ್ಟೇ ಅಂದವಾಗಿದ್ದರೂ ಇದಕ್ಕೆ ಬೇಡ.

ಎರಡನೆಯ ಸೋಲು, ಅಂದರೆ ಗಂಜಿ ಆದದ್ದು, ಹಣ್ಣು ತೀರಾ ಕಳಿತಿದ್ದರಿಂದ. ನಿಮ್ಮ ಕೊನೆಯ ಪ್ರಶ್ನೆಗೂ ಉತ್ತರ ಇಲ್ಲೇ ಇರುವುದರಿಂದ ಸ್ವಲ್ಪ ನಿಧಾನವಾಗಿ ಹೇಳುತ್ತೇನೆ.

ಯುರೋಪಿನ ಪೇರ್ ಮರದಲ್ಲಿ ಹಣ್ಣಾಗಲು ಬಿಡುವ ಹಣ್ಣಲ್ಲ. ಮರದಲ್ಲೇ ಬಿಟ್ಟರೆ ಒಳಗಿನಿಂದ ಹೊರಕ್ಕೆ ಮಾಗುತ್ತದೆ: ಹೊರಗೆ ಗಟ್ಟಿ ಇರುವಾಗಲೇ ನಡುವೆ ಕಂದಾಗಿ ಕೊಳೆತಿರುತ್ತದೆ. ಆದ್ದರಿಂದ ಬಲಿತ ಕಾಯಿಯನ್ನೇ ಕೊಯ್ದು, ಕೆಲವು ಕಾಲ ತಂಪಿನಲ್ಲಿಟ್ಟು, ಆಮೇಲೆ ಬೆಚ್ಚಗಿನ ಜಾಗದಲ್ಲಿ ಮಾಗಿಸುತ್ತಾರೆ. ಕಾಮಿಸ್‌ನಂಥ ಚಳಿಗಾಲದ ತಳಿಗಳಿಗೆ ವಾರಗಟ್ಟಲೆ ತಂಪು ಸಿಗದಿದ್ದರೆ ಸರಿಯಾಗಿ ಮೆತ್ತಗಾಗುವುದೇ ಇಲ್ಲ. ಅಂಗಡಿಗೆ ಬಂದ ಹಣ್ಣು ಈ ದಾರಿಯ ಅರ್ಧದಲ್ಲಿರುತ್ತದೆ, ಉಳಿದರ್ಧ ನಿಮ್ಮ ಮನೆಯಲ್ಲಿ ನಡೆಯಬೇಕು. ನಾವು ಮಾಡುವುದೇನು? ತಂದ ಕೂಡಲೇ ಫ್ರಿಜ್ಜಿನಲ್ಲಿಟ್ಟು, ಮಾರನೆಯ ದಿನ ತಣ್ಣಗೆ ಗಟ್ಟಿಯಾಗಿ ಕಚ್ಚಿ, ‘ಸಪ್ಪೆ’ ಎಂದು ಮುಖ ಸಿಂಡರಿಸುತ್ತೇವೆ. ಮಾವಿನಕಾಯಿಯನ್ನು ಅಡೆಹಾಕಿ ಹಣ್ಣು ಮಾಡುವ ನಾಡಿನವರಿಗೆ ಇದನ್ನು ಹೇಳಿಕೊಡಬೇಕಾಗಿಲ್ಲ, ಆದರೂ ಪೇರ್ ಹಣ್ಣಿನ ಮುಂದೆ ನಮಗೆ ಅದು ಮರೆತುಹೋಗುತ್ತದೆ.

ನಾನು ಕೆಲಸ ಕಲಿತ ಫ್ರೆಂಚ್ ಅಡುಗೆಮನೆಯಲ್ಲಿ ಮಂಗಳವಾರ ಬೆಳಿಗ್ಗೆ ಪೇರ್ ಪೆಟ್ಟಿಗೆ ಬರುತ್ತಿತ್ತು. ಸಿಹಿ ವಿಭಾಗದ ಹಿರಿಯಾಕೆ ಒಂದೊಂದೇ ಹಣ್ಣನ್ನು ಎಡಗೈಯಲ್ಲಿ ಹಿಡಿದು, ಹೆಬ್ಬೆರಳಿನಿಂದ ತೊಟ್ಟಿನ ಬುಡವನ್ನು ಮಗುವಿನ ನೆತ್ತಿ ಮುಟ್ಟುವಷ್ಟು ಹಗುರವಾಗಿ ಒತ್ತುತ್ತಿದ್ದಳು. ಒತ್ತಿ ಮೂರು ಬುಟ್ಟಿಗೆ ಹಂಚುತ್ತಿದ್ದಳು. ಸ್ವಲ್ಪವೂ ಬಗ್ಗದ್ದು ಶನಿವಾರಕ್ಕೆ. ತುಸು ಬಗ್ಗಿದರೂ ಒಳಗೆ ಎದುರು ನಿಲ್ಲುವಂಥದ್ದು ನಾಳೆ ಪಾಕಕ್ಕೆ. ಬೆರಳು ಇಳಿದದ್ದು ಇಂದೇ ಚೀಸ್ ತಟ್ಟೆಗೆ. ಹೊಟ್ಟೆಯ ಭಾಗವನ್ನು ಅವಳು ಒತ್ತಿದ್ದನ್ನು ನಾನು ನೋಡಲೇ ಇಲ್ಲ. ಒಳಗಿನಿಂದ ಮಾಗುವ ಹಣ್ಣಿನ ಹೊಟ್ಟೆ ಮೆತ್ತಗಾಗುವ ಹೊತ್ತಿಗೆ ಕಾಲ ಮಿಂಚಿರುತ್ತದೆ. ತೊಟ್ಟಿನ ಬುಡದಲ್ಲಿ ತಿರುಳು ತೆಳು, ಒಳಗಿನ ಸುದ್ದಿ ಅಲ್ಲಿಗೆ ಬೇಗ ಮುಟ್ಟುತ್ತದೆ. ಬಣ್ಣವನ್ನು ಪೂರ್ತಿ ನಂಬಬೇಡಿ: ವಿಲಿಯಮ್ಸ್ ಹಸಿರಿನಿಂದ ಹಳದಿಗೆ ತಿರುಗುತ್ತದೆ, ಕಾನ್ಫರೆನ್ಸ್ ಹೆಚ್ಚೇನೂ ಬದಲಾಗುವುದಿಲ್ಲ.

ಹಾಗಾದರೆ ನಿಮ್ಮ ಲೆಕ್ಕ ಹೀಗಿರಲಿ. ಭಾನುವಾರ ಬಡಿಸಬೇಕೆಂದರೆ ಮಂಗಳವಾರವೋ ಬುಧವಾರವೋ ಗಟ್ಟಿ ಹಣ್ಣು ತನ್ನಿ. ಮೇಜಿನ ಮೇಲಿಡಿ. ಆತುರವಿದ್ದರೆ ಕಾಗದದ ಚೀಲದಲ್ಲಿ ಒಂದು ಬಾಳೆಹಣ್ಣಿನ ಜೊತೆ ಕಟ್ಟಿಡಿ, ಬಾಳೆ ಬಿಡುವ ಎಥಿಲೀನ್ ಅನಿಲ ಕೆಲಸವನ್ನು ಬೇಗ ಮುಗಿಸುತ್ತದೆ. ದಿನಕ್ಕೊಮ್ಮೆ ಕುತ್ತಿಗೆ ಒತ್ತಿ ನೋಡಿ. ತುಸು ಬಗ್ಗಿದ ದಿನವೇ ಬೇಯಿಸುವ ದಿನ. ಅಂದು ಬಿಡುವಿಲ್ಲದಿದ್ದರೆ ಆಗ ಫ್ರಿಜ್ಜಿನಲ್ಲಿಡಿ, ಎರಡು ದಿನ ತಡೆಯುತ್ತದೆ. ಇಷ್ಟಾದರೆ ಅಡುಗೆ ಮುಕ್ಕಾಲು ಮುಗಿದ ಹಾಗೆ.

ಬೇಯಿಸುವುದು ಸುಲಭ. ನಾಲ್ಕು ಹಣ್ಣಿಗೆ ಒಂದು ಲೀಟರ್ ನೀರು, 350 ಗ್ರಾಂ ಸಕ್ಕರೆ, ಅರ್ಧ ನಿಂಬೆಹಣ್ಣಿನ ರಸ, ಉದ್ದಕ್ಕೆ ಸೀಳಿದ ಒಂದು ವೆನಿಲ್ಲಾ ಬೀನ್ಸ್. ಜಾಮೂನಿನ ಪಾಕಕ್ಕಿಂತ ಬಹಳ ತೆಳು, ಒಂದೆಳೆ ಪಾಕದ ಹತ್ತಿರಕ್ಕೂ ಹೋಗಬಾರದು. ಪಾಕ ಮಂದವಾದರೆ ಹಣ್ಣಿನೊಳಗಿನ ನೀರನ್ನು ಎಳೆದುಕೊಂಡು ಅದನ್ನು ಸುಕ್ಕಾಗಿಸುತ್ತದೆ. ಬರೀ ನೀರಿನಲ್ಲಿ ಬೇಯಿಸಿದರೆ ಹಣ್ಣಿನ ಸಿಹಿಯೇ ನೀರಿಗೆ ಇಳಿದು, ತಿರುಳು ಸಡಿಲವಾಗಿ ಒಡೆಯುತ್ತದೆ. ನಿಂಬೆ ಎರಡು ಕೆಲಸ ಮಾಡುತ್ತದೆ: ಹಣ್ಣು ಕಪ್ಪಾಗದಂತೆ ಕಾಯುತ್ತದೆ, ಹುಳಿಯಿಂದಾಗಿ ತಿರುಳು ಬೇಗ ಕುಸಿಯದಂತೆಯೂ ಹಿಡಿಯುತ್ತದೆ.

ಸಿಪ್ಪೆಯನ್ನು ತೊಟ್ಟಿನಿಂದ ಬುಡಕ್ಕೆ ಒಂದೇ ಎಳೆತದ ಉದ್ದ ಪಟ್ಟಿಗಳಾಗಿ ತೆಗೆಯಿರಿ. ಅಡ್ಡಡ್ಡ ಹೆರೆದರೆ ಬೆಂದ ಮೇಲೂ ಗಾಯದ ಗುರುತು ಕಾಣುತ್ತದೆ. ತೊಟ್ಟು ಇರಲಿ. ಬುಡದ ಕಡೆಯಿಂದ ಚಿಕ್ಕ ಚಮಚ ತೂರಿಸಿ ಬೀಜಗೂಡನ್ನು ಕೆತ್ತಿ ತೆಗೆಯಿರಿ, ತಟ್ಟೆಯಲ್ಲಿ ನೆಟ್ಟಗೆ ನಿಲ್ಲುವಂತೆ ಬುಡವನ್ನು ಚೂರು ಸಮ ಮಾಡಿ. ಸುಲಿದದ್ದನ್ನು ಕೂಡಲೇ ನಿಂಬೆ ನೀರಿಗೆ ಹಾಕಿ.

ವೆನಿಲ್ಲಾ ಬಗ್ಗೆ ಒಂದು ಮಾತು, ನೀವು ಮಲೆನಾಡಿನ ಬಾಗಿಲಲ್ಲಿ ಇರುವವರಾದ್ದರಿಂದ. 2003ರ ಸುಮಾರಿಗೆ ವೆನಿಲ್ಲಾ ಬೆಲೆ ಆಕಾಶಕ್ಕೇರಿದಾಗ ನಿಮ್ಮ ಸುತ್ತಿನ ಎಷ್ಟೋ ಅಡಿಕೆ ತೋಟಗಳಿಗೆ ಆ ಬಳ್ಳಿ ಹಬ್ಬಿತು, ಕಳ್ಳರ ಭಯಕ್ಕೆ ರಾತ್ರಿಯಿಡೀ ತೋಟ ಕಾದವರೂ ಇದ್ದರು. ಆಮೇಲೆ ಬೆಲೆ ನೆಲಕಚ್ಚಿತು, ಬಳ್ಳಿ ಕಿತ್ತರು. ಕೀಳದೆ ಉಳಿಸಿಕೊಂಡವರ ಮನೆಯಲ್ಲಿ ಸಂಸ್ಕರಿಸಿದ ಬೀನ್ಸ್ ಸಿಕ್ಕರೆ ಕೇಳಿ ತನ್ನಿ. ಒಂದು ಹೊತ್ತು ಮಾತ್ರ ಅರಳಿರುವ ಆ ಹೂವಿಗೆ ಕೈಯಿಂದಲೇ ಪರಾಗಸ್ಪರ್ಶ ಮಾಡಬೇಕು. ಆ ಸುಲಭ ಉಪಾಯವನ್ನು ತೋರಿಸಿಕೊಟ್ಟವನು ಎಡ್ಮಂಡ್ ಆಲ್ಬಿಯುಸ್, ಫ್ರೆಂಚರ ರಿಯೂನಿಯನ್ ದ್ವೀಪದಲ್ಲಿ ಗುಲಾಮನಾಗಿದ್ದ 12 ವರ್ಷದ ಹುಡುಗ. ಅದು 1841ರಲ್ಲಿ, ಆಫೆನ್‌ಬಾಖ್‌ನ ಎಲೆನ್ ರಂಗಕ್ಕೆ ಬರುವ 23 ವರ್ಷ ಮುಂಚೆ. ಬೀನ್ಸ್ ಸಿಗದಿದ್ದರೆ ಎಸೆನ್ಸ್ ಹಾಕಿ, ಆದರೆ ಒಲೆ ಆರಿಸಿದ ಮೇಲೆ.

ಸಕ್ಕರೆ ಕರಗಿ ಪಾಕ ಒಮ್ಮೆ ಕುದಿದ ಮೇಲೆ ಉರಿ ಇಳಿಸಿ, ಹಣ್ಣು ಬಿಡಿ. ಪಾತ್ರೆ ಅಗಲವಾಗಿರದೆ ಆಳವಾಗಿರಲಿ. ಹಣ್ಣು ತೇಲುತ್ತದೆ, ತೇಲಿದ ಭಾಗ ಬೇಯದೆ ಕಂದಾಗುತ್ತದೆ. ಅದಕ್ಕೆ ಬೇಕಿಂಗ್ ಕಾಗದವನ್ನು ಪಾತ್ರೆಯ ಬಾಯಿಯ ಅಳತೆಗೆ ದುಂಡಗೆ ಕತ್ತರಿಸಿ, ನಡುವೆ ರೂಪಾಯಿಯಗಲದ ತೂತು ಮಾಡಿ, ನೇರವಾಗಿ ಪಾಕದ ಮೇಲೆಯೇ ಹಾಸಿ. ಇನ್ನು ಪಾಕ ಕುದಿಯಬಾರದು. ಅಂಚಿನಲ್ಲಿ ಒಂದೊಂದು ಗುಳ್ಳೆ ಎದ್ದು ಮೇಲ್ಮೈ ನಡುಗುತ್ತಿದ್ದರೆ ಸಾಕು; ಥರ್ಮಾಮೀಟರ್ ಇದ್ದರೆ 85ರಿಂದ 90 ಡಿಗ್ರಿ ಸೆಲ್ಸಿಯಸ್. 15 ನಿಮಿಷಕ್ಕೆ ಒಮ್ಮೆ ನೋಡಿ, ಆಮೇಲೆ ಐದೈದು ನಿಮಿಷಕ್ಕೆ. ಗಟ್ಟಿ ಹಣ್ಣು 40 ನಿಮಿಷ ಕೂಡ ಹಿಡಿಯಬಹುದು, ಗಡಿಯಾರ ಇಲ್ಲಿ ಕೆಲಸಕ್ಕೆ ಬಾರದು. ಉದ್ದ ಸೂಜಿಯನ್ನು ಹೊಟ್ಟೆಯ ದಪ್ಪ ಭಾಗಕ್ಕೆ ಚುಚ್ಚಿ. ಸರಾಗವಾಗಿ ಇಳಿದು, ನಡುವಿಗೆ ಬಂದಾಗ ಚೂರೇ ಚೂರು ತಡೆದರೆ ಆಗಲೇ ಒಲೆ ಆರಿಸಿ. ಪಾಕದ ಬಿಸಿಯಲ್ಲಿ ಉಳಿದದ್ದು ಆಗುತ್ತದೆ. ಪೂರ್ತಿ ಬೆಂದ ಮೇಲೆ ಆರಿಸಿದ್ದೇ ನಿಮ್ಮ ಗಂಜಿಗೆ ಇನ್ನೊಂದು ಕಾರಣವಿದ್ದೀತು.

ಹಣ್ಣನ್ನು ಪಾಕದಲ್ಲೇ ಆರಲು ಬಿಟ್ಟು, ರಾತ್ರಿಯಿಡೀ ಫ್ರಿಜ್ಜಿನಲ್ಲಿಡಿ. ಜಾಮೂನು ಹೇಗೆ ಮಾರನೆಯ ದಿನಕ್ಕೇ ರುಚಿಯೋ ಹಾಗೆ. ತಿರುಳು ಒಳಗಿನವರೆಗೆ ಒಂದೇ ಬಣ್ಣಕ್ಕೆ ಬಂದು, ಅಂಚಿನಲ್ಲಿ ದೀಪದ ಬೆಳಕು ಹಾಯುವಂತೆ ಕಾಣುತ್ತದೆ.

ಇಷ್ಟೆಲ್ಲ ಓದಿ ಸಾಕಾಯಿತೆಂದರೆ ಡಬ್ಬಿಯ ಪೇರ್ ತನ್ನಿ. ನಾಚಿಕೆಪಡಬೇಕಾಗಿಲ್ಲ, ಫ್ರಾನ್ಸಿನ ಎಷ್ಟೋ ಸಾಧಾರಣ ಊಟದ ಮನೆಗಳಲ್ಲಿ ಬಡಿಸುವುದು ಅದನ್ನೇ. ವಿಲಿಯಮ್ಸ್ ಡಬ್ಬಿಗೆ ಚೆನ್ನಾಗಿ ಒಗ್ಗುವ ಹಣ್ಣು. ಮಕ್ಕಳು ವ್ಯತ್ಯಾಸ ಕೇಳುವುದಿಲ್ಲ.

ಚಾಕೊಲೇಟ್ ಮುದ್ದೆಗಟ್ಟಿದ್ದಕ್ಕೆ ಬರುತ್ತೇನೆ. ಕರಗಿದ ಚಾಕೊಲೇಟಿಗೆ ಒಂದು ಹನಿ ನೀರು ಬಿದ್ದರೆ ಅದರೊಳಗಿನ ಸಕ್ಕರೆ, ಕೋಕೋ ಕಣಗಳು ತೇವಗೊಂಡು ಒಂದಕ್ಕೊಂದು ಅಂಟಿಕೊಳ್ಳುತ್ತವೆ. ಒಣ ಹಿಟ್ಟಿಗೆ ಸ್ವಲ್ಪವೇ ನೀರು ಚಿಮುಕಿಸಿದಂತೆ. ವಿಚಿತ್ರವೆಂದರೆ ಇದಕ್ಕೆ ಮದ್ದೂ ನೀರೇ, ಧಾರಾಳವಾಗಿ. ನಾನೊಮ್ಮೆ ಒದ್ದೆ ಚಮಚ ಅದ್ದಿ ಎರಡು ಕಿಲೋ ಚಾಕೊಲೇಟನ್ನು ಜೇಡಿಮಣ್ಣು ಮಾಡಿ, ಎಸೆಯಲು ಹೊರಟಿದ್ದೆ. ಪೇರ್ ಒತ್ತುತ್ತಿದ್ದ ಅದೇ ಹಿರಿಯಾಕೆ ನನ್ನ ಕೈಯಿಂದ ಪಾತ್ರೆ ಕಸಿದು, ಕುದಿಯುವ ನೀರನ್ನು ಒಂದೊಂದೇ ಸೌಟು ಹಾಕುತ್ತ ತಿರುವಿದಳು. ಮೂರನೆಯ ಸೌಟಿಗೆ ಅದು ಸಡಿಲಿತು, ನಾಲ್ಕನೆಯದಕ್ಕೆ ಕನ್ನಡಿಯ ಹಾಗೆ ಹೊಳೆಯಿತು. ಮಾತಾಡಲಿಲ್ಲ, ಚಮಚವನ್ನು ಮಾತ್ರ ಒರೆಸಿ ನನ್ನ ಕೈಗಿಟ್ಟಳು.

ಹಾಗಾಗಿ ಸಾಸಿಗೆ ಚಾಕೊಲೇಟನ್ನು ಬೇರೆಯಾಗಿ ಕರಗಿಸಲೇಬೇಡಿ. 150 ಗ್ರಾಂ ಕಪ್ಪು ಚಾಕೊಲೇಟನ್ನು ಸಣ್ಣಗೆ ಹೆಚ್ಚಿ. 100 ಮಿಲಿಲೀಟರ್ ಹಾಲು, 50 ಮಿಲಿಲೀಟರ್ ಕ್ರೀಮ್ ಸೇರಿಸಿ ಕುದಿ ಬರಿಸಿ ಅದರ ಮೇಲೆ ಸುರಿಯಿರಿ. ಒಂದು ನಿಮಿಷ ಮುಟ್ಟದೆ ಬಿಟ್ಟು, ನಡುವಿನಿಂದ ಅಂಚಿಗೆ ತಿರುವಿ. ಕೊನೆಗೆ ಒಂದು ಚಮಚ ಬೆಣ್ಣೆ. ಕೊಳ್ಳುವಾಗ ಹೊದಿಕೆಯ ಹಿಂಭಾಗ ಓದಿ: ‘ಕಾಂಪೌಂಡ್’ ಎಂದಿದ್ದರೆ ಕೋಕೋ ಬೆಣ್ಣೆಯ ಜಾಗದಲ್ಲಿ ಬೇರೆ ಸಸ್ಯದ ಕೊಬ್ಬು ಇರುತ್ತದೆ, ನಾಲಿಗೆಗೆ ಮೇಣ ಸವರಿದಂತಾಗುತ್ತದೆ. ಕೋಕೋ ಅಂಶ ಶೇ 60ರಿಂದ 70 ಇದ್ದರೆ ಚೆನ್ನ, ಪಾಕದ ಸಿಹಿಗೆ ಎದುರಾಗಿ ಆ ಕಹಿ ಬೇಕು.

ಐಸ್‌ಕ್ರೀಮಿನಲ್ಲೂ ಇದೇ ಎಚ್ಚರ. ‘ಫ್ರೋಜನ್ ಡೆಸರ್ಟ್’ ಎಂದು ಬರೆದದ್ದರಲ್ಲಿ ಹಾಲಿನ ಕೊಬ್ಬಿನ ಬದಲು ಸಸ್ಯದ ಎಣ್ಣೆ ಇರುತ್ತದೆ. ಫ್ರಾನ್ಸಿನಲ್ಲಿ ನೀವು ತಿಂದದ್ದು ಬಹುಶಃ ಮೊಟ್ಟೆಯ ಹಳದಿ ಹಾಕಿದ ವೆನಿಲ್ಲಾ ಐಸ್‌ಕ್ರೀಮ್. ನಮ್ಮಲ್ಲಿ ಮೊಟ್ಟೆಯಿಲ್ಲದ್ದು ಬೇಕಾದಷ್ಟಿದೆ, ಹಾಲಿನದೇ ಆಗಿದ್ದರೆ ಧೈರ್ಯವಾಗಿ ಬಳಸಿ, ಈ ಸಿಹಿಗೆ ಅದರಿಂದ ಕುಂದಿಲ್ಲ.

ಬಡಿಸುವಾಗ ತಟ್ಟೆಗಳನ್ನು ಮೊದಲೇ ತಣ್ಣಗೆ ಮಾಡಿಡಿ. ಹಣ್ಣಿನ ಪಾಕವನ್ನು ಚೆನ್ನಾಗಿ ಸೋರಿಸಿ, ಬೇಕಾದರೆ ಬಟ್ಟೆಯಿಂದ ಒತ್ತಿ ಒರೆಸಿ; ಒದ್ದೆ ಹಣ್ಣಿನ ಮೇಲೆ ಚಾಕೊಲೇಟ್ ನಿಲ್ಲದೆ ಜಾರುತ್ತದೆ. ಐಸ್‌ಕ್ರೀಮನ್ನು ಚಪ್ಪಟೆಯಾಗಿ ಹಾಸಿ, ಹಣ್ಣನ್ನು ಅದರಲ್ಲಿ ನಿಲ್ಲಿಸಿ, ತಕ್ಷಣ ಮೇಜಿಗೆ ಒಯ್ಯಿರಿ. ಸಾಸನ್ನು ಅಡುಗೆಮನೆಯಲ್ಲೇ ಸುರಿಯಬೇಡಿ. ನಿಮ್ಮ ಮನೆಯ ತುಪ್ಪದ ಮಿಳ್ಳೆ ಇದಕ್ಕೆ ಹೇಳಿ ಮಾಡಿಸಿದ ಪಾತ್ರೆ. ಅದರಲ್ಲಿ ಬಿಸಿ ಸಾಸ್ ತುಂಬಿ ಕೈಯಿಂದ ಕೈಗೆ ದಾಟಿಸಿ, ಅವರವರದನ್ನು ಅವರವರೇ ತೊಟ್ಟಿನ ಮೇಲಿಂದ ಬಿಟ್ಟುಕೊಳ್ಳಲಿ. ಬಿಸಿ ಚಾಕೊಲೇಟ್ ತಣ್ಣನೆಯ ಹಣ್ಣಿನ ಭುಜದವರೆಗೆ ಓಡಿ, ಅಲ್ಲಿ ನಿಧಾನವಾಗಿ, ಐಸ್‌ಕ್ರೀಮ್ ತಲುಪುವಷ್ಟರಲ್ಲಿ ಮಂದವಾಗಿ ನಿಲ್ಲುತ್ತದೆ. ಆ ಅರ್ಧ ನಿಮಿಷ ನಿಮ್ಮ ಅತಿಥಿಗಳ ಕಣ್ಣೆದುರಿಗೇ ಆಗಬೇಕು.

ಬರಿದೆ ತಿನ್ನುವ ಪೇರ್ ಬಗ್ಗೆ ಹೇಳಬೇಕಾದದ್ದು ಹೆಚ್ಚೂಕಡಿಮೆ ಮೇಲೆಯೇ ಬಂತು. ಕುತ್ತಿಗೆ ಪೂರ್ತಿ ಬಗ್ಗುವವರೆಗೆ ಕಾಯಿರಿ, ಫ್ರಿಜ್ಜಿನಿಂದ ತೆಗೆದು ಅರ್ಧ ಗಂಟೆ ಹೊರಗಿಟ್ಟು ತಿನ್ನಿ, ತಂಪಿನಲ್ಲಿ ಪರಿಮಳ ಏಳುವುದಿಲ್ಲ. ಜೊತೆಗೆ ಒಂದು ಚೂರು ಉಪ್ಪು ಚೀಸ್. ‘ಚೀಸ್ ಜೊತೆ ಪೇರ್ ಎಷ್ಟು ರುಚಿಯೆಂದು ರೈತನಿಗೆ ತಿಳಿಸಬೇಡಿ’ ಎಂಬುದು ಇಟಲಿಯವರ ಗಾದೆ. ತಿಳಿದರೆ ಅವನು ಮಾರದೆ ತಾನೇ ತಿಂದಾನು ಎಂಬ ಹೆದರಿಕೆಯಿರಬೇಕು. ಫ್ರೆಂಚರಿಗೆ ಊಟದ ಕೊನೆಯ ಹರಟೆ ‘ಪೇರಿಗೂ ಚೀಸಿಗೂ ನಡುವಿನ’ ಮಾತು, ಕಷ್ಟಕಾಲಕ್ಕೆ ಕೂಡಿಡುವುದು ‘ಬಾಯಾರಿಕೆಗೊಂದು ಪೇರ್’ ಎತ್ತಿಡುವುದು. 1831ರಲ್ಲಿ ಶಾರ್ಲ್ ಫಿಲಿಪೋನ್ ಎಂಬ ಪತ್ರಿಕೆಯ ಒಡೆಯ ದೊರೆ ಲೂಯಿ ಫಿಲಿಪ್‌ನ ಮುಖವನ್ನು ನಾಲ್ಕು ಚಿತ್ರಗಳಲ್ಲಿ ಹಂತಹಂತವಾಗಿ ಪೇರ್ ಹಣ್ಣಾಗಿಸಿ ತೋರಿಸಿದ, ಅದೂ ತನ್ನ ಮೇಲಿನ ಮೊಕದ್ದಮೆಯ ವಾದಕ್ಕಾಗಿ. ಆಮೇಲೆ ಪ್ಯಾರಿಸಿನ ಗೋಡೆಗಳ ಮೇಲೆಲ್ಲ ಪೇರ್ ಹಣ್ಣಿನ ಗೀಚುಚಿತ್ರಗಳು. ನೀವು ಸುಲಿದ ಹಣ್ಣನ್ನು ತಟ್ಟೆಯಲ್ಲಿ ನಿಲ್ಲಿಸಿದಾಗ ದೊರೆಯ ಜೋಲು ಕೆನ್ನೆ ನೆನಪಾದರೆ ನನ್ನನ್ನು ದೂರಬೇಡಿ.

ಉಳಿದ ಪಾಕವನ್ನು ಚೆಲ್ಲಬೇಡಿ. ಶೋಧಿಸಿ ಫ್ರಿಜ್ಜಿನಲ್ಲಿಟ್ಟರೆ ಒಂದು ವಾರ ಇರುತ್ತದೆ, ಮತ್ತೊಂದು ನಾಲ್ಕು ಹಣ್ಣು ಅದರಲ್ಲೇ ಬೇಯುತ್ತವೆ, ಎರಡನೆಯ ಸಲದ್ದು ಮೊದಲಿನದಕ್ಕಿಂತ ರುಚಿ. ಇಲ್ಲವಾದರೆ ಲೋಟಕ್ಕೆ ಕಾಲು ಭಾಗ ಹಾಕಿ ನಿಂಬೆ ಹಿಂಡಿ ತಣ್ಣೀರು ಬೆರೆಸಿ ಪಾನಕ ಮಾಡಿ. ವೆನಿಲ್ಲಾ ಸಿಪ್ಪೆಯನ್ನು ತೊಳೆದು ಒಣಗಿಸಿ ಸಕ್ಕರೆ ಡಬ್ಬಿಯಲ್ಲಿ ಹೂತಿಡಿ.